ಹುಳು ಜ್ವರಕ್ಕೆ ಹೋದಾಗ ನಾನು ಪುಸ್ತಕ ಹಿಡಿದೆ

ಎರಡು ವರ್ಷದ ಹಿಂದೆ ಜನವರಿ 1ರಂದು ಮಗನ ಹಳೇ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಬರೆದಿದ್ದೆ. ವರ್ಷಕ್ಕೆ 24 ಪುಸ್ತಕ, ತಿಂಗಳಿಗೆ ಎರಡು, ದಿನಕ್ಕೆ 20 ಪುಟ. ಕೆಳಗೆ ಇನ್ನೊಂದು ಸಾಲು: ಏನಾದರೂ ಕೈಕೆಲಸ ಕಲಿಯಬೇಕು. ಹತ್ತು ದಿನ ನಡೆಯಿತು. ಹನ್ನೊಂದನೇ ದಿನ ನಮ್ಮ ಹುಳು ನಾಲ್ಕನೇ ಜ್ವರದಿಂದ ಎದ್ದವು. ಅಲ್ಲಿಗೆ ನೋಟ್‌ಬುಕ್ ಅಟ್ಟ ಸೇರಿತು.

ಶಿಡ್ಲಘಟ್ಟದ ಕಡೆಯವರಿಗೆ ಇಷ್ಟು ಹೇಳಿದರೆ ಸಾಕು. ಬೇರೆಯವರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮದು ರೇಷ್ಮೆ ಬೆಳೆಯೋ ಮನೆ. ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಬಿಡುವ ಮುಂಚೆ ತಿನ್ನೋದು ನಿಲ್ಲಿಸಿ, ತಲೆ ಮೇಲೆತ್ತಿ, ಅಲ್ಲಾಡದೆ ನಿಂತುಬಿಡುತ್ತದೆ. ಅದನ್ನೇ ನಾವು ಜ್ವರ ಅನ್ನೋದು. ನಾಲ್ಕನೇ ಜ್ವರ ಎದ್ದ ಮೇಲೆ ಏಳೆಂಟು ದಿನ ಬಕಾಸುರನ ಹಸಿವು. ಇಡೀ ಬೆಳೆಗೆ ಬೇಕಾದ ಹಿಪ್ಪುನೇರಳೆ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲು ಈ ದಿನಗಳಲ್ಲೇ ಖರ್ಚು. ಬೆಳಗ್ಗೆ ಐದಕ್ಕೆ ಸೊಪ್ಪು ಕೊಯ್ಯೋಕೆ ಹೋದರೆ, ರಾತ್ರಿ ಕೊನೇ ಸೊಪ್ಪು ಹಾಕಿ ಬಂದು ಬೀಳುವಾಗ ಹತ್ತೂವರೆ. ದಿನಕ್ಕೆ 20 ಪುಟ ಅಂತೆ!

ಪುಸ್ತಕ ಮತ್ತೆ ಕೈಗೆ ಬಂದದ್ದು ಮಾರ್ಚ್‌ನಲ್ಲಿ, ಅದೂ ಅಕಸ್ಮಾತ್. ಹುಳು ಮೂರನೇ ಜ್ವರಕ್ಕೆ ಹೋಗಿತ್ತು. ಹುಳುವಿನ ಹಾಸಿಗೆ ಒಣಗಲಿ ಅಂತ ಸುಣ್ಣದ ಪುಡಿ ಉದುರಿಸಿ ಹೊರಗೆ ಬಂದೆ. ಜ್ವರದ ಹೊತ್ತಲ್ಲಿ ಸೊಪ್ಪು ಹಾಕೋ ಹಾಗಿಲ್ಲ, ಹುಳು ಮುಟ್ಟೋ ಹಾಗಿಲ್ಲ. ಅತ್ತೆ ಜಗಲಿ ಮೇಲಿಂದ ಹೇಳಿದರು, "ಅವೇ ಸುಮ್ನೆ ಇದಾವೆ, ನೀನೂ ಸ್ವಲ್ಪ ಕೂತ್ಕೊಳಮ್ಮ." ಹುಳುಮನೆಯ ಜಾಲರಿ ಬಾಗಿಲ ಹೊರಗೆ, ಮೆಟ್ಟಿಲ ಮೇಲೆ ಕೂತೆ. ಸಂಜೆ ಹೊತ್ತಿಗೆ 70 ಪುಟ ಆಗಿತ್ತು. ದಿನಕ್ಕೆ 20 ಅಂತ ಹತ್ತು ದಿನ ಒದ್ದಾಡಿದ್ದರಲ್ಲಿ ಅರ್ಧ ಪುಟವೂ ನೆನಪಿಲ್ಲ, ಆ 70 ಪುಟ ಇವತ್ತಿಗೂ ನೆನಪಿದೆ.

ಆಮೇಲೆ ಲೆಕ್ಕ ಹಾಕಿದೆ. ನಾವು ಮರಿಹುಳು ಸಾಕಿ ಕೊಡೋ ಚಾಕಿ ಕೇಂದ್ರದಿಂದ ಹುಳು ತರೋದು ಎರಡನೇ ಜ್ವರ ಆದ ಮೇಲೆ. ಹಾಗಾಗಿ ಮನೆಯಲ್ಲಿ ಸಿಗೋದು ಎರಡು ಜ್ವರ, ಒಂದೊಂದೂ ಹತ್ತಿರ ಹತ್ತಿರ ಒಂದು ದಿನ. ಹಣ್ಣಾದ, ಅಂದರೆ ಗೂಡು ಕಟ್ಟೋಕೆ ತಯಾರಾದ ಹುಳು ಆರಿಸಿ ಚಂದ್ರಂಕಿಗೆ (ಹುಳು ಗೂಡು ಕಟ್ಟೋ ತಟ್ಟಿಗೆ) ಬಿಡುವ ದಿನ ಉಸಿರಾಡೋಕೂ ಪುರುಸೊತ್ತಿಲ್ಲ. ಆದರೆ ಬಿಟ್ಟ ಮೇಲೆ ಐದಾರು ದಿನ ಗೂಡು ಬಲಿಯೋವರೆಗೆ ಕಾಯಬೇಕು. ಮಾರ್ಕೆಟ್‌ಗೆ ಹೋಗಿ ಬಂದು, ಹುಳುಮನೆ ತೊಳೆದು, ಬ್ಲೀಚಿಂಗ್ ಹೊಡೆದು ಬಾಗಿಲು ಹಾಕಿದರೆ ಮತ್ತೆ ಒಂದಷ್ಟು ದಿನ. ಹೆಂಗೆ ಲೆಕ್ಕ ಹಾಕಿದರೂ ಒಂದು ಬೆಳೆಗೆ ಒಂದು ಪುಸ್ತಕ ಆಗೇ ಆಗುತ್ತದೆ. ನಮಗೆ ವರ್ಷಕ್ಕೆ ಏಳು ಬೆಳೆ. ಏಳು ಪುಸ್ತಕ. 24 ಎಲ್ಲಿ, ಏಳು ಎಲ್ಲಿ, ಅಂತ ಮೊದಲು ಸಂಕೋಚ ಆಯಿತು. ಆದರೆ ಕಳೆದ ವರ್ಷ ಆರು ಮುಗಿಸಿದ್ದೇನೆ. ಅದಕ್ಕಿಂತ ಹಿಂದಿನ ಹತ್ತು ವರ್ಷ ಸೇರಿಸಿದರೂ ಆರು ಆಗುತ್ತಿರಲಿಲ್ಲ.

ಯಾವ ಪುಸ್ತಕ ಅನ್ನೋದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಪಂಚಾಯ್ತಿ ಅರಿವು ಕೇಂದ್ರದಲ್ಲಿ, ಅಂದರೆ ಊರ ಲೈಬ್ರರಿಯಲ್ಲಿ ಸಿಗೋದರಲ್ಲಿ ನಮ್ಮ ಸುತ್ತಿನವರದ್ದು ಮೊದಲು ಅಂತ ಇಟ್ಟುಕೊಂಡೆ. ಮಾಲೂರು ತಾಲ್ಲೂಕಿನ ಮಾಸ್ತಿಯವರ ಸಣ್ಣ ಕಥೆಗಳು. ಆಮೇಲೆ ಎಚ್. ನರಸಿಂಹಯ್ಯನವರ ಆತ್ಮಕಥೆ 'ಹೋರಾಟದ ಹಾದಿ'. ಅವರು ಗೌರಿಬಿದನೂರು ತಾಲ್ಲೂಕು ಹೊಸೂರಿನವರು. ಹೈಸ್ಕೂಲಿಗೆ ಸೇರೋಕೆ ಬೆಂಗಳೂರಿಗೆ ನಡೆದೇ ಹೋದ ಹುಡುಗ, ಮುಂದೆ ಬೆಂಗಳೂರು ವಿಶ್ವವಿದ್ಯಾಲಯಕ್ಕೆ ವೈಸ್ ಚಾನ್ಸಲರ್ ಆದರು. ಎರಡು ಸ್ಟಾಪ್ ದೂರದ ಸ್ಕೂಲಿಗೆ ಬಸ್ ಬರಲಿಲ್ಲ ಅಂತ ಗೊಣಗೋ ಮಗನಿಗೆ ಆ ಭಾಗ ಓದಿ ಹೇಳಿದೆ. "ಆಗ ಬಸ್ ಇರ್ಲಿಲ್ವಲ್ಲ ಅಮ್ಮ" ಅಂದ.

ನಾಲ್ಕನೇ ಜ್ವರ ಎದ್ದ ಮೇಲಿನ ಕೊನೇ ವಾರಕ್ಕೆ ಮಾತ್ರ ಬೇರೆ ವ್ಯವಸ್ಥೆ. ಮುಳಬಾಗಿಲಿನ ಡಿ.ವಿ.ಜಿ. ಅವರ 'ಮಂಕುತಿಮ್ಮನ ಕಗ್ಗ' ನಮ್ಮ ಮನೆಯಲ್ಲೇ ಇತ್ತು. ಮಾವ ಕೊಂಡಿದ್ದು. ಅದರಲ್ಲಿ 945 ಪದ್ಯ. ದಿನಕ್ಕೊಂದರಂತೆ ಓದಿದರೂ ಎರಡು ವರ್ಷ ಏಳು ತಿಂಗಳು ಬೇಕು. ನನಗೇನೂ ಅವಸರ ಇಲ್ಲ. ಸೀಮೆಸುಣ್ಣದಲ್ಲಿ ಒಂದು ಪದ್ಯ ಹುಳುಮನೆಯ ಗೋಡೆ ಮೇಲೆ, ಬಾಗಿಲ ಪಕ್ಕ ಬರೆಯುತ್ತೇನೆ. ಸೊಪ್ಪಿನ ಹೊರೆ ಹೊತ್ತು ಹೋಗುವಾಗ ಒಂದು ಸಾಲು, ಬರುವಾಗ ಒಂದು ಸಾಲು. ನಾಲ್ಕು ಸಾಲು ಬಾಯಿಗೆ ಬರೋ ಹೊತ್ತಿಗೆ ಸೊಪ್ಪು ಹಾಕಿ ಮುಗಿದಿರುತ್ತದೆ. ಬಾಯಿಗೆ ಬಂದ ಮೇಲೇ ಅಳಿಸೋದು. ಕೆಲವು ಪದ್ಯ ಮೂರು ದಿನ ಅಲ್ಲೇ ಕೂತಿರುತ್ತವೆ.

ಇನ್ನು ಕೈಕೆಲಸ. ಊರ ಕಾರ್ಯಕ್ರಮಗಳಲ್ಲಿ ಗೂಡಿನ ಹಾರ ಹಾಕೋದು ನೋಡಿದ್ದೆ, ನಾನೂ ಮಾಡೋಣ ಅನ್ನಿಸಿತು. ಎರಡು ಹುಳು ಸೇರಿ ಕಟ್ಟಿದ ಜೋಡಿಗೂಡು, ಕಲೆಯಾದ ಗೂಡು ಹೇಗೂ ಆರಿಸಿ ಪಕ್ಕಕ್ಕೆ ಇಡುತ್ತೇವೆ. ಅದರಲ್ಲಿ ಚೆನ್ನಾಗಿ ಕಂಡ 60 ಗೂಡು ದಾರಕ್ಕೆ ಪೋಣಿಸಿ, ನಡುವೆ ಮಣಿ ಸೇರಿಸಿ, ಮಾವನ ಫೋಟೋಗೆ ಹಾಕಿದೆ. ಹಳದಿ ಗೂಡು, ಕೆಂಪು ಮಣಿ. ಬಂದವರೆಲ್ಲ ಹೊಗಳಿದರು.

ಐದಾರು ದಿನ ಆಗಿತ್ತು. ಬೆಳಗ್ಗೆ ಎದ್ದು ನೋಡಿದರೆ ಫೋಟೋ ತುಂಬಾ ಚಿಟ್ಟೆ! ಗೂಡಿನ ತುದಿ ಒದ್ದೆ ಮಾಡಿಕೊಂಡು ತೂತು ಕೊರೆದು ಒಂದೊಂದಾಗಿ ಹೊರಗೆ ಬರುತ್ತಿವೆ. ಗಂಡುಗಳು ಪಟಪಟ ರೆಕ್ಕೆ ಬಡಿಯುತ್ತಿವೆ. ಗೋಡೆ ಮೇಲೆ ಕಂದು ಬಣ್ಣದ ಕಲೆ, ಮಾವನ ಕನ್ನಡಕದ ಮೇಲೆ ಮೊಟ್ಟೆ. ಹದಿನೈದು ವರ್ಷದಿಂದ ಹುಳು ಸಾಕಿದವಳು ನಾನು. ಗೂಡಿನೊಳಗೆ ಜೀವ ಇದೆ ಅಂತ ಗೊತ್ತಿಲ್ಲದವಳಲ್ಲ. ಆದರೆ ನಮ್ಮನೇಲಿ ಗೂಡು ಚಿಟ್ಟೆ ಆಗೋವರೆಗೆ ಉಳಿದದ್ದೇ ಇಲ್ಲ. ಬಿಡಿಸಿದ ಮಾರನೇ ದಿನವೇ ಮಾರ್ಕೆಟ್. ಅತ್ತೆ ಬೈಯುತ್ತಾರೆ ಅಂದುಕೊಂಡೆ. ಬಹಳ ಹೊತ್ತು ಫೋಟೋ ನೋಡಿ, "ನಿಮ್ಮ ಮಾವನಿಗೂ ಹುಳು ಅಂದ್ರೆ ಪ್ರಾಣ, ಇರ್ಲಿ ಬಿಡು" ಅಂದರು.

ಈಗ ಹಾಗೆ ಮಾಡೋದಿಲ್ಲ. ಗೂಡಿನ ಒಂದು ತುದಿಯನ್ನು ಬ್ಲೇಡಿನಿಂದ ತೆಳ್ಳಗೆ ಕತ್ತರಿಸಿ, ಒಳಗಿನದನ್ನು ಕೋಳಿಗೆ ಹಾಕುತ್ತೇನೆ. ಖಾಲಿ ಗೂಡನ್ನು ನೆರಳಿನಲ್ಲಿ ಒಣಗಿಸಬೇಕು, ಬಿಸಿಲಿಗೆ ಇಟ್ಟರೆ ಹಳದಿ ಬಣ್ಣ ಮಾಸುತ್ತದೆ. ಹೂ ಬೇಕಾದರೆ ಕತ್ತರಿಸಿದ ಬಾಯಿಯಿಂದ ಅರ್ಧದವರೆಗೆ ಐದು ಕಡೆ ಸೀಳಿ, ಎಸಳನ್ನು ಹೆಬ್ಬೆರಳಿನಿಂದ ಹೊರಕ್ಕೆ ಮಡಚಿದರೆ ಸಾಕು. ಬಣ್ಣ ಹಾಕೋಕೆ ಬಿಳಿ ಗೂಡೇ ಒಳ್ಳೇದು. ನೀರು ಉಗುರುಬೆಚ್ಚಗೆ ಇದ್ದರೆ ಸಾಕು. ಒಂದು ಸಲ ಕುದಿಯೋ ನೀರಿಗೆ ಹಾಕಿ ಕೆಡಿಸಿಕೊಂಡೆ. ಗೂಡಿನ ಗೋಂದೆಲ್ಲ ಬಿಟ್ಟು ಒದ್ದೆ ಹತ್ತಿಯ ಹಾಗೆ ಮೆತ್ತಗಾಯಿತು. ಒಂದು ಹಾರಕ್ಕೆ ಎರಡು ಸಂಜೆ ಹಿಡಿಯುತ್ತದೆ. ಹುಳು ಚಂದ್ರಂಕಿಯಲ್ಲಿ ಗೂಡು ಕಟ್ಟುತ್ತಿರುವಾಗ ನಾನು ಹೋದ ಬೆಳೆಯ ಖಾಲಿ ಗೂಡು ಪೋಣಿಸುತ್ತಾ ಕೂತಿರುತ್ತೇನೆ.

ಈ ಜನವರಿಗೆ ಗೆರೆ ಹಾಕಿದ ನೋಟ್‌ಬುಕ್ ಇಲ್ಲ. ಚಾಕಿ ಕೇಂದ್ರಕ್ಕೆ ಫೋನ್ ಮಾಡಿ 150 ಮೊಟ್ಟೆಗೆ ಹೇಳಿದ್ದೇನೆ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳನ್ನೆಲ್ಲ ಸೇರಿಸಿ ನಾವು ಒಂದು ಮೊಟ್ಟೆ ಅನ್ನೋದು). 6ನೇ ತಾರೀಖು ಹುಳು ಬರುತ್ತದೆ. ಕ್ಯಾಲೆಂಡರಿನಲ್ಲಿ 10ಕ್ಕೊಂದು, 16ಕ್ಕೊಂದು ಸೊನ್ನೆ ಸುತ್ತಿ ಇಟ್ಟಿದ್ದೇನೆ. ಚಳಿ ಜಾಸ್ತಿ ಆದರೆ ಜ್ವರ ಒಂದು ದಿನ ತಡ ಆಗಬಹುದು.