ಹಾರ್ಡ್‌ವೇರ್ ಅಂಗಡಿಗೆ ಜಿಎಸ್‌ಟಿ ಆಡಿಟ್: ನಾನು ತಯಾರಾದ ಬಗೆ

ತಿಪಟೂರಿನಲ್ಲಿ ನಮ್ಮದು ಹಾರ್ಡ್‌ವೇರ್ ಅಂಗಡಿ. ಸಿಮೆಂಟ್, ಪೈಪು, ಪೇಂಟು, ಮೊಳೆ, ತಂತಿ. ಜೊತೆಗೆ ತೋಟದವರಿಗೆ ಗುದ್ದಲಿ, ಸನಿಕೆ, ಮಚ್ಚು, ಕುಡುಗೋಲು. 2025ರ ಮಳೆಗಾಲ ಮುಗಿಯುವ ಹೊತ್ತಿಗೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಎಡಿಟಿ-01, ಅಂದರೆ ಆಡಿಟ್‌ಗೆ ಬರುತ್ತೇವೆ ಎಂಬ ನೋಟಿಸ್ ಕಾಣಿಸಿತು. 2022-23ನೇ ಸಾಲಿನ ಲೆಕ್ಕ ನೋಡಲು ವಾಣಿಜ್ಯ ತೆರಿಗೆ ಇಲಾಖೆಯವರು ಅಂಗಡಿಗೇ ಬರುತ್ತಾರಂತೆ.

2025ರ ಜುಲೈನಲ್ಲಷ್ಟೇ ಯುಪಿಐ ನೋಟಿಸ್ ಗಲಾಟೆ ಆಗಿತ್ತು. ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಯವರಿಗೆಲ್ಲ ಯುಪಿಐ ಜಮೆ ನೋಡಿ ತೆರಿಗೆ ನೋಟಿಸ್ ಹೋಗಿ, ಬೆಂಗಳೂರಿನಲ್ಲಿ 'ಕ್ಯಾಶ್ ಮಾತ್ರ' ಎಂಬ ಬೋರ್ಡುಗಳು ನೇತಾಡಿದ್ದವು. ಹಾಗಾಗಿ ವಿಷಯ ಕಿವಿಗೆ ಬಿದ್ದ ಕೂಡಲೇ ಅಕ್ಕಪಕ್ಕದವರು ಸಾಂತ್ವನ ಹೇಳಲು ಬಂದರು. ಇಲಾಖೆ ಜೀಪು ಪೇಟೆಗೆ ಬಂತು ಅಂದರೆ ಅರ್ಧ ಬೀದಿ ಷಟರ್ ಇಳಿಸುವ ಊರು ನಮ್ಮದು. ಅವರ ಭಯದಲ್ಲಿ ತಪ್ಪೇನಿಲ್ಲ. ಆದರೆ ಆಡಿಟ್ ಬೇರೆ, ದಾಳಿ ಬೇರೆ. ಇದನ್ನು ಮೊದಲು ತಿಳಿದುಕೊಂಡರೆ ಅರ್ಧ ಗಾಬರಿ ಇಳಿಯುತ್ತದೆ.

ಆಡಿಟ್ ನಡೆಯುವುದು ಜಿಎಸ್‌ಟಿ ಕಾಯ್ದೆಯ 65ನೇ ಸೆಕ್ಷನ್‌ನಲ್ಲಿ. ಕನಿಷ್ಠ 15 ಕೆಲಸದ ದಿನ ಮೊದಲೇ ನೋಟಿಸ್ ಕೊಡಬೇಕು. ಶುರುವಾದ ಮೇಲೆ 3 ತಿಂಗಳಲ್ಲಿ ಮುಗಿಸಬೇಕು. ಕಮಿಷನರ್ ಒಪ್ಪಿದರೆ ಇನ್ನೂ 6 ತಿಂಗಳು ಮುಂದಕ್ಕೆ ಹೋಗಬಹುದು. ತಪಾಸಣೆ, ಶೋಧ ಬರುವುದು 67ನೇ ಸೆಕ್ಷನ್‌ನಲ್ಲಿ. ಅದಕ್ಕೆ ಮುನ್ಸೂಚನೆ ಇರುವುದಿಲ್ಲ. ಆದರೆ ಜಾಯಿಂಟ್ ಕಮಿಷನರ್ ದರ್ಜೆಗೆ ಕಡಿಮೆ ಇಲ್ಲದ ಅಧಿಕಾರಿ ಕೊಟ್ಟ ಐಎನ್‌ಎಸ್-01 ಪತ್ರ ಬಂದವರ ಕೈಯಲ್ಲಿ ಇರಲೇಬೇಕು. ಯಾರೇ ಬರಲಿ, ಗುರುತಿನ ಚೀಟಿ ಮತ್ತು ಪತ್ರ ನೋಡುವುದು ಅಹಂಕಾರ ಅಲ್ಲ. ಸರಿಯಾದ ಅಧಿಕಾರಿಗಳು ಕೇಳಿದ ತಕ್ಷಣ ತೋರಿಸುತ್ತಾರೆ.

ನಮ್ಮ ಆಡಿಟರ್ ಹೇಳಿದ್ದು ಒಂದೇ ಮಾತು. 'ರಿಟರ್ನ್, ಟ್ಯಾಲಿ, ಗೋಡೌನ್, ಮೂರೂ ಒಂದೇ ಕಥೆ ಹೇಳಬೇಕು. ಎಲ್ಲಿ ಬೇರೆ ಹೇಳುತ್ತದೋ ಅಲ್ಲಿ ಯಾಕೆ ಅನ್ನೋದಕ್ಕೆ ಒಂದು ಹಾಳೆ ಇರಬೇಕು.' ಟ್ಯಾಲಿ ಅಂದರೆ ನಾವು ಲೆಕ್ಕ ಬರೆಯುವ ಕಂಪ್ಯೂಟರ್ ತಂತ್ರಾಂಶ. ಮುಂದಿನ ದಿನಗಳಲ್ಲಿ ನಾನು ಮಾಡಿದ್ದು ಅಷ್ಟೇ. ಆ ಹಾಳೆಗಳನ್ನು ತಯಾರಿಸಿದೆ.

ಮೊದಲು ಸುಲಭದ್ದನ್ನು ಮುಗಿಸಿದೆ. ಅಂಗಡಿಯ ಬೋರ್ಡಿನ ಮೇಲೆ ಜಿಎಸ್‌ಟಿ ನಂಬರ್, ಒಳಗೆ ಎದುರಿಗೇ ಕಾಣುವಂತೆ ನೋಂದಣಿ ಸರ್ಟಿಫಿಕೇಟ್. ಇದು ಜಿಎಸ್‌ಟಿ ನಿಯಮಗಳಲ್ಲಿ 18ನೆಯದು. ಸಿಮೆಂಟ್ ಇಡುವ ಗೋಡೌನ್ ಹಿಂದಿನ ರಸ್ತೆಯಲ್ಲಿದೆ. ಅದು ನೋಂದಣಿಯಲ್ಲಿ 'ಹೆಚ್ಚುವರಿ ಸ್ಥಳ' ಎಂದು ಸೇರಿದೆಯೇ ಎಂದು ನೋಡಿದೆ. ಸೇರಿತ್ತು. ಅಲ್ಲೂ ಸರ್ಟಿಫಿಕೇಟಿನ ಪ್ರತಿ ತೂಗುಹಾಕಿದೆ. ನಮ್ಮ ಪೇಟೆಯಲ್ಲಿ ಎಷ್ಟೋ ಜನ ಸೀಸನ್‌ಗೆ ಅಂತ ಎಲ್ಲೋ ಒಂದು ರೂಮು ಹಿಡಿದು ಮಾಲು ತುಂಬುತ್ತಾರೆ. ನೋಂದಣಿಯಲ್ಲಿ ಇಲ್ಲದ ಜಾಗದಲ್ಲಿ ಮಾಲು ಸಿಕ್ಕರೆ, ಬಿಲ್ ಇದ್ದರೂ ತಲೆನೋವೇ.

ಆಮೇಲೆ ಸ್ಟಾಕ್. ಜಾಸ್ತಿ ಸಮಯ ತಿಂದದ್ದು ಇದೇ, ಜಾಸ್ತಿ ಉಪಯೋಗವಾದದ್ದೂ ಇದೇ.

ಹಳೆಯ ವರ್ಷದ ಲೆಕ್ಕಕ್ಕೆ ಇವತ್ತಿನ ಸ್ಟಾಕ್ ಯಾಕೆ ಎಣಿಸಬೇಕು ಅಂತ ತಮ್ಮ ಕೇಳಿದ. ಕಾರಣ ಇದೆ. ಇವತ್ತು ಇರುವ ಮಾಲಿಗೆ ಅಂದಿನಿಂದ ಮಾರಿದ್ದನ್ನು ಕೂಡಿಸಿ, ಅಂದಿನಿಂದ ಕೊಂಡಿದ್ದನ್ನು ಕಳೆದರೆ 2023ರ ಮಾರ್ಚ್ 31ರ ಸ್ಟಾಕ್ ಬರಬೇಕು. ಬ್ಯಾಲೆನ್ಸ್ ಶೀಟಿನಲ್ಲಿ ಬರೆದಿರುವ ಅಂಕಿಗೂ ಅದಕ್ಕೂ ದೂರ ಇದ್ದರೆ ಎಲ್ಲೋ ಬಿಲ್ ಇಲ್ಲದೆ ಮಾಲು ಬಂದಿದೆ, ಇಲ್ಲವೇ ಹೋಗಿದೆ ಎಂದೇ ಯಾರಾದರೂ ಅಂದುಕೊಳ್ಳುತ್ತಾರೆ.

ಹಾರ್ಡ್‌ವೇರ್ ಅಂಗಡಿಯ ಸ್ಟಾಕ್ ಎಣಿಸುವುದು ಅಂದರೆ ಏನು ಅಂತ ಎಣಿಸಿದವರಿಗೇ ಗೊತ್ತು. ಮೊಳೆ ಕೆಜಿಯಲ್ಲಿ ಬರುತ್ತದೆ, ಮುಷ್ಟಿಯಲ್ಲಿ ಹೋಗುತ್ತದೆ. ಪೈಪು ಲೆಂತ್ ಲೆಕ್ಕದಲ್ಲಿ ಬಂದು ಅಡಿ ಲೆಕ್ಕದಲ್ಲಿ ಕತ್ತರಿಸಿಕೊಂಡು ಹೋಗುತ್ತದೆ. ಪೇಂಟು ಬೇಸ್ ಆಗಿ ಬಂದು, ಮೆಷಿನ್ನಿನಲ್ಲಿ ಬಣ್ಣ ಸೇರಿ, ಬೇರೆ ಹೆಸರಿನಲ್ಲಿ ಹೊರಡುತ್ತದೆ. ಟ್ಯಾಲಿಯಲ್ಲಿ ನೋಡಿದರೆ ಕೆಲವು ಐಟಂ ಮೈನಸ್ಸಿನಲ್ಲಿ ಕೂತಿದ್ದವು. ಒಂದು ಇಂಚಿನ ಎಲ್ಬೋ ಮೈನಸ್, ಅದೇ ಎಲ್ಬೋ ಇನ್ನೊಂದು ಬ್ರ್ಯಾಂಡಿನ ಹೆಸರಲ್ಲಿ ರಾಶಿ ರಾಶಿ. ಖರೀದಿ ಒಂದು ಹೆಸರಲ್ಲಿ ಏರಿದೆ, ಕೌಂಟರ್‌ನಲ್ಲಿ ಹುಡುಗ ಇನ್ನೊಂದು ಹೆಸರಲ್ಲಿ ಬಿಲ್ ಹೊಡೆದಿದ್ದಾನೆ. ಎರಡನ್ನೂ ಕೂಡಿಸಿದರೆ ಸರಿಹೋಗುತ್ತದೆ. ಆದರೆ ಮೈನಸ್ ಸ್ಟಾಕ್ ನೋಡಿದ ಅಧಿಕಾರಿಗೆ ಮೊದಲು ಹೊಳೆಯುವುದು 'ಬಿಲ್ ಇಲ್ಲದ ಖರೀದಿ'. ನಾನು ಹಳೆಯ ಎಂಟ್ರಿಗಳನ್ನು ತಿದ್ದಲು ಹೋಗಲಿಲ್ಲ. ನೋಟಿಸ್ ಬಂದ ಮೇಲೆ ಹಳೆಯ ಲೆಕ್ಕ ತಿದ್ದುವುದು ಅಪಾಯ. ಟ್ಯಾಲಿಯಲ್ಲಿ ಯಾವ ದಿನ ಏನು ಬದಲಾಯಿತು ಎಂಬ ಜಾಡು ಉಳಿದಿರಬಹುದು. ಅದರ ಬದಲು ಯಾವ ಐಟಂ ಯಾವುದರ ಜೊತೆ ಸೇರಬೇಕು ಎಂದು ಒಂದು ಪಟ್ಟಿ ಮಾಡಿ ಫೈಲಿಗೆ ಸೇರಿಸಿದೆ.

ಸಿಮೆಂಟಿನದು ಇನ್ನೊಂದು ಕಥೆ. ಮಳೆಗಾಲದಲ್ಲಿ ಕೆಳಗಿನ ಸಾಲಿನ ಮೂಟೆಗಳು ತೇವ ಹಿಡಿದು ಕಲ್ಲಾಗುತ್ತವೆ. ಆ ಮಾಲು ಮಾರಾಟವಾಗಲಿಲ್ಲ, ಆದರೆ ಕೊಳ್ಳುವಾಗ ಕಟ್ಟಿದ ತೆರಿಗೆಯ ಕ್ರೆಡಿಟ್ ತೆಗೆದುಕೊಂಡಾಗಿದೆ, ಅಂದರೆ ನಾವು ಕಟ್ಟಬೇಕಾದ ತೆರಿಗೆಯಲ್ಲಿ ಅದನ್ನು ಕಳೆದುಕೊಂಡಾಗಿದೆ. 2022-23ರಲ್ಲಿ ಸಿಮೆಂಟಿಗೆ 28% ಇತ್ತು. (18%ಕ್ಕೆ ಇಳಿದದ್ದು 2025ರ ಸೆಪ್ಟೆಂಬರ್ 22ರಿಂದ.) ಹಾಳಾದ, ಕಳುವಾದ, ಉಚಿತವಾಗಿ ಕೊಟ್ಟ ಮಾಲಿನ ಕ್ರೆಡಿಟ್ ವಾಪಸ್ ಮಾಡಬೇಕು ಎಂದು ಕಾಯ್ದೆಯ 17(5)ನೇ ಸೆಕ್ಷನ್ ಹೇಳುತ್ತದೆ. ನಮ್ಮಪ್ಪನ ಕಾಲದಿಂದಲೂ ಗೋಡೌನಿನಲ್ಲಿ ಒಂದು ಹಳೇ ನೋಟ್‌ಬುಕ್ ಇದೆ. ಹಾಳಾದ ಮೂಟೆ ಎಷ್ಟು, ಯಾವ ದಿನ ಎಂದು ಅದರಲ್ಲಿ ಬರೆಯುತ್ತೇವೆ. ಜಿಎಸ್‌ಟಿಗೆ ಅಂತ ಶುರು ಮಾಡಿದ್ದಲ್ಲ ಅದು, ಹಮಾಲರ ಮೇಲೆ ಕಣ್ಣಿಡಲು ಮಾಡಿದ್ದು! ಆದರೆ ತೆರಿಗೆ ಕಟ್ಟುವ ರಿಟರ್ನ್ ಆದ 3ಬಿಯಲ್ಲಿ ವಾಪಸ್ ಮಾಡಿದ ಕ್ರೆಡಿಟ್‌ಗೆ ಆಧಾರವಾಗಿ ಅದೇ ನೋಟ್‌ಬುಕ್ ನಿಂತಿತು.

ಖರೀದಿ ಕಡೆ ನೋಡಿದ್ದು 2ಬಿ, ಅಂದರೆ ನಮಗೆ ಸಿಗುವ ಕ್ರೆಡಿಟ್ ಬಗ್ಗೆ ಪೋರ್ಟಲ್ ತಿಂಗಳಿಗೊಮ್ಮೆ ಕೊಡುವ ಪಟ್ಟಿ. 2022ರ ಜನವರಿಯಿಂದ ಮಾರಿದವರು ತಮ್ಮ ರಿಟರ್ನಿನಲ್ಲಿ ತೋರಿಸಿದ ಬಿಲ್ಲಿಗೆ ಮಾತ್ರ ಕ್ರೆಡಿಟ್. ನಾವು ತೆಗೆದುಕೊಂಡ ಕ್ರೆಡಿಟ್ ತಿಂಗಳಿಗೊಂದರಂತೆ 2ಬಿ ಜೊತೆ ಎದುರುಬದುರು ಇಟ್ಟೆ. ವ್ಯತ್ಯಾಸ ಇದ್ದ ಕಡೆ ಬಹುಪಾಲು ತಿಂಗಳ ಕೊನೆಯ ಬಿಲ್ಲುಗಳು. ಮಾರ್ಚ್ 30ರ ಬಿಲ್, ಏಪ್ರಿಲ್ 3ಕ್ಕೆ ಲಾರಿ. ಅದನ್ನು ಹಾಗೇ ಬರೆದಿಟ್ಟೆ.

ಅದಕ್ಕಿಂತ ಹೆಚ್ಚು ಜನ ಮರೆಯುವುದು 180 ದಿನದ ನಿಯಮ. ನಮ್ಮ ವ್ಯಾಪಾರದಲ್ಲಿ ಉದ್ದರಿ ಉದ್ದ. ಡಿಸ್ಟ್ರಿಬ್ಯೂಟರ್‌ಗೆ ಬಿಲ್ ತಾರೀಖಿನಿಂದ 180 ದಿನದಲ್ಲಿ ದುಡ್ಡು ಕೊಡದಿದ್ದರೆ ಆ ಬಿಲ್ಲಿನ ಕ್ರೆಡಿಟ್ ಹಿಂದಿರುಗಿಸಬೇಕು. ಕೊಟ್ಟ ಮೇಲೆ ಮತ್ತೆ ತೆಗೆದುಕೊಳ್ಳಬಹುದು. ಹಾಗಾಗಿ ಪ್ರತಿ ಸಪ್ಲೈಯರ್ ಲೆಡ್ಜರ್ ತೆಗೆದು, ಯಾವ ಬಿಲ್ಲಿಗೆ ಯಾವ ದಿನ ಪಾವತಿ ಎಂದು ಗುರುತು ಹಾಕಿದೆ. ಸುಮ್ನೆ ಲಂಸಮ್ ಕೊಟ್ಟು 'ಆನ್ ಅಕೌಂಟ್' ಅಂತ ಬರೆದಿದ್ದರೆ ಈ ಕೆಲಸ ನರಕ. ಪೇಂಟ್ ಕಂಪನಿಗಳ ಸ್ಕೀಮುಗಳಿಗೂ ಒಂದು ಹಾಳೆ ಬೇಕಾಯಿತು. ಜಿಎಸ್‌ಟಿ ಹಾಕಿದ ಕ್ರೆಡಿಟ್ ನೋಟ್ ಬಂದರೆ ಅಷ್ಟು ಕ್ರೆಡಿಟ್ ಕಡಿಮೆ ಮಾಡಬೇಕು. ಜಿಎಸ್‌ಟಿ ಇಲ್ಲದ ಬರಿಯ ಡಿಸ್ಕೌಂಟ್ ನೋಟ್ ಆದರೆ ಬೇಡ.

ಮಾರಾಟದ ಕಡೆ ನಮಗೆ ವಿಶೇಷ ತೊಡಕು ಎಂದರೆ ಸನಿಕೆ, ಗುದ್ದಲಿ, ಮಚ್ಚು. ಕೈಯಲ್ಲಿ ಬಳಸುವ ಕೃಷಿ ಉಪಕರಣಕ್ಕೆ ತೆರಿಗೆ ಇಲ್ಲ. ತೆರಿಗೆ ಇಲ್ಲ ಎಂದರೆ ಲೆಕ್ಕ ಇಲ್ಲ ಎಂದಲ್ಲ. ಅಂಗಡಿ ಬಾಡಿಗೆ, ಕಂಪ್ಯೂಟರ್, ಆಡಿಟರ್ ಫೀಸು, ಇವೆಲ್ಲ ಎರಡೂ ಬಗೆಯ ಮಾಲಿಗೆ ಸೇರಿದ ಖರ್ಚು. ಹಾಗಾಗಿ ಅವುಗಳ ಕ್ರೆಡಿಟ್‌ನಲ್ಲಿ ತೆರಿಗೆ ಇಲ್ಲದ ಮಾರಾಟದ ಪಾಲನ್ನು ಬಿಟ್ಟುಕೊಡಬೇಕು. ಒಟ್ಟು ಮಾರಾಟದಲ್ಲಿ ನೂರಕ್ಕೆ 6 ಭಾಗ ಮಚ್ಚು-ಸನಿಕೆ ಆದರೆ, ಬಾಡಿಗೆ ಮೇಲಿನ 100 ರೂಪಾಯಿ ಕ್ರೆಡಿಟ್‌ನಲ್ಲಿ 6 ರೂಪಾಯಿ ವಾಪಸ್. ಇದು 42ನೇ ನಿಯಮ. ಮೊತ್ತ ಚಿಕ್ಕದು. ಆದರೆ ತೆರಿಗೆ ಇಲ್ಲದ ಮಾರಾಟ ರಿಟರ್ನಿನಲ್ಲಿ ಕಂಡರೆ ಈ ಪ್ರಶ್ನೆ ಬಂದೇ ಬರುತ್ತದೆ.

ಕೌಂಟರ್‌ನಲ್ಲಿ ಹತ್ತು ರೂಪಾಯಿಯ ಮೊಳೆಗೆ ಯಾರು ಬಿಲ್ ಕೇಳುತ್ತಾರೆ? 200 ರೂಪಾಯಿಗಿಂತ ಕಡಿಮೆ ವ್ಯಾಪಾರ, ಗಿರಾಕಿಗೆ ಜಿಎಸ್‌ಟಿ ನೋಂದಣಿ ಇಲ್ಲ, ಬಿಲ್ ಬೇಡ ಎಂದರೆ ಬಿಡಿ ಬಿಲ್ ಬೇಕಿಲ್ಲ. ದಿನದ ಕೊನೆಗೆ ಎಲ್ಲಾ ಸೇರಿಸಿ ಒಂದು ಬಿಲ್ ಹಾಕಬೇಕು. ಆ ದಿನದ ಬಿಲ್ಲುಗಳ ಸಾಲು ಮುರಿಯದೆ ಇರುವುದನ್ನು ನೋಡಿಕೊಂಡೆ. ಬ್ಯಾಂಕ್ ಕಡೆ, ಯುಪಿಐ ಜಮೆ ಮಾರಾಟಕ್ಕಿಂತ ಹೆಚ್ಚಿದ್ದ ತಿಂಗಳುಗಳಿಗೆ ವಿವರಣೆ ಬರೆದೆ. ಹಳೆ ಉದ್ದರಿ ವಸೂಲಿ, ಅಕ್ಕ ಕಳಿಸಿದ ಕೈಸಾಲ, ಹೀಗೆ. ಈ ದುಡ್ಡೆಲ್ಲ ವ್ಯಾಪಾರವಲ್ಲ ಅಂತ ಬಾಯಲ್ಲಿ ಹೇಳಿದರೆ ಯಾರು ಒಪ್ಪುತ್ತಾರೆ ಹೇಳಿ.

ಲಾರಿ ಬಾಡಿಗೆಯ ರಿವರ್ಸ್ ಚಾರ್ಜ್ (ಲಾರಿಯವರ ಬದಲು ನಾವೇ ಕಟ್ಟುವ ತೆರಿಗೆ), ಇ-ವೇ ಬಿಲ್ (ಮಾಲು ಸಾಗಿಸಲು ಪೋರ್ಟಲ್‌ನಲ್ಲಿ ತೆಗೆಯುವ ಪತ್ರ) ಪಟ್ಟಿ, ಎರಡನ್ನೂ ಪಟಪಟನೆ ಮುಗಿಸಿದೆ. ಇ-ವೇ ಬಿಲ್ಲಿನಲ್ಲಿ ಒಂದು ಎಚ್ಚರ. ನಮ್ಮ ನಂಬರ್ ಹಾಕಿ ಬೇರೆ ಯಾರೋ ಮಾಲು ಸಾಗಿಸುವುದು ಉಂಟು. 72 ಗಂಟೆಯೊಳಗೆ ಪೋರ್ಟಲ್‌ನಲ್ಲಿ ತಿರಸ್ಕರಿಸದಿದ್ದರೆ ನಾವು ಒಪ್ಪಿದಂತೆ. ಥರ್ಮಲ್ ಕಾಗದದ ಬಿಲ್ಲುಗಳೂ ಕಾಟ ಕೊಟ್ಟವು. ಅಕ್ಷರ ಮಾಸಿ ಬಿಳಿ ಚೀಟಿ ಆಗಿಬಿಡುತ್ತವೆ. ವಾರ್ಷಿಕ ರಿಟರ್ನಿನ ಕೊನೆ ದಿನದಿಂದ 72 ತಿಂಗಳು ದಾಖಲೆ ಇಡಬೇಕು. ಅಂದರೆ 2022-23ರ ಕಾಗದ 2029ರ ಡಿಸೆಂಬರ್‌ವರೆಗೆ. ಅಷ್ಟು ದಿನ ಥರ್ಮಲ್ ಬಾಳುವುದಿಲ್ಲ. ಬಂದ ದಿನವೇ ಜೆರಾಕ್ಸ್ ಮಾಡಿಸಬೇಕು.

ಅವರು ಬರುವ ದಿನಕ್ಕೆ ಅಂಗಡಿಯ ಹಿಂಭಾಗದಲ್ಲಿ ಒಂದು ಟೇಬಲ್, ಪ್ಲಗ್ ಪಾಯಿಂಟ್, ಫ್ಯಾನ್ ಸಿದ್ಧ ಮಾಡಿದೆ. ಉತ್ತರ ಕೊಡುವವನು ನಾನೊಬ್ಬನೇ ಎಂದು ಎಲ್ಲರಿಗೂ ಹೇಳಿದೆ. ಕೌಂಟರ್ ಹುಡುಗ ಒಳ್ಳೆಯವನೇ, ಆದರೆ ಕೇಳಿದ್ದಕ್ಕಿಂತ ಎರಡು ಜಾಸ್ತಿ ಹೇಳುವ ಜಾಯಮಾನ. ಅಂಗಡಿ ಮುಚ್ಚಲಿಲ್ಲ. ಗಿರಾಕಿ ಬರುತ್ತಿರುವ ಅಂಗಡಿ ನೋಡುವುದೂ ಅವರಿಗೆ ಲೆಕ್ಕ ಅರ್ಥವಾಗಲು ಒಳ್ಳೆಯದೇ.

'ಏನಾದ್ರೂ ಕೊಟ್ಟು ಮುಗಿಸಿಬಿಡಿ' ಎಂದು ಸಲಹೆ ಕೊಟ್ಟವರಿದ್ದರು. ಭ್ರಷ್ಟಾಚಾರ ತಡೆ ಕಾಯ್ದೆಗೆ ಆದ 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ನೇರ ಅಪರಾಧ. ಆಮೇಲೆ, ಕೊಟ್ಟ ದುಡ್ಡಿಗೆ ಎಡಿಟಿ-02, ಅಂದರೆ ಆಡಿಟ್‌ನ ಅಂತಿಮ ವರದಿ, ಬರುವುದಿಲ್ಲವಲ್ಲ! ಕಾಫಿ ಕೊಟ್ಟೆ, ಕುಡಿದರು.

ಇಲಾಖೆಯಿಂದ ಇಬ್ಬರು ಬಂದಿದ್ದರು. ಕಾಗದ ನೋಡುವುದಕ್ಕಿಂತ ಮೊದಲು ವ್ಯಾಪಾರದ ಬಗ್ಗೆ ಕೇಳಿದರು. ಯಾರಿಂದ ಕೊಳ್ಳುತ್ತೀರಿ, ಕಾಂಟ್ರಾಕ್ಟರ್‌ಗಳು ಎಷ್ಟು, ಬಿಡಿ ಗಿರಾಕಿ ಎಷ್ಟು. ಗೊತ್ತಿದ್ದದ್ದು ಹೇಳಿದೆ. ಗೊತ್ತಿಲ್ಲದ್ದಕ್ಕೆ 'ನೋಡಿ ಬರೆದು ಕೊಡುತ್ತೇನೆ' ಎಂದೆ. ಅದಕ್ಕೆ ಯಾರೂ ಮುಖ ಸಿಂಡರಿಸಲಿಲ್ಲ. ಅಂದಾಜಿನಲ್ಲಿ ಒಂದು ಅಂಕಿ ಹೇಳಿ, ಆಮೇಲೆ ಕಾಗದ ಬೇರೆ ಹೇಳಿದರೆ ಅದೇ ದೊಡ್ಡ ತೊಂದರೆ. ಕೊಟ್ಟ ಪ್ರತಿ ಫೈಲಿಗೆ ಪಟ್ಟಿ ಮಾಡಿ, ಒಂದು ಪ್ರತಿಯ ಮೇಲೆ ಸಹಿ ಪಡೆದೆ.

ಮಧ್ಯೆ ಒಬ್ಬರು ಎದ್ದು ಗೋಡೌನ್ ಕಡೆ ನಡೆದು, ಮೂಲೆಯಲ್ಲಿದ್ದ ಖಾಲಿ ಪೇಂಟ್ ಡ್ರಮ್ಮುಗಳನ್ನು ನೋಡಿ, 'ಇವನ್ನೆಲ್ಲ ಏನು ಮಾಡ್ತೀರಿ?' ಎಂದರು. ಗುಜರಿಯವನಿಗೆ ಹಾಕುತ್ತೇವೆ ಎಂದೆ. 'ಬಿಲ್?' ಎಂದರು. ಹಳೇ ರಟ್ಟು, ಡ್ರಮ್ಮು, ಕತ್ತರಿಸಿ ಉಳಿದ ಪೈಪಿನ ತುಂಡು, ಇವುಗಳ ಮಾರಾಟವೂ ಮಾರಾಟವೇ. ನಮ್ಮ ಆಡಿಟರ್‌ಗೂ ಹೊಳೆದಿರದ ಪ್ರಶ್ನೆ ಅದು. ನೋಡಿ, ಅನುಭವ ಇರುವ ಅಧಿಕಾರಿಯ ಕಣ್ಣು ಎಲ್ಲಿಗೆ ಹೋಗುತ್ತದೆ!

ಕೊನೆಗೆ ಬರಹದಲ್ಲಿ ಬಂದ ಆಕ್ಷೇಪಣೆ ಎರಡು. ಒಂದು ಮೈನಸ್ ಸ್ಟಾಕ್. ಐಟಂ ಜೋಡಿಸಿದ ಪಟ್ಟಿ ಮತ್ತು ಖರೀದಿ ಬಿಲ್ಲುಗಳ ಜೊತೆ ಉತ್ತರ ಕೊಟ್ಟ ಮೇಲೆ ಅದನ್ನು ಕೈಬಿಟ್ಟರು. ಇನ್ನೊಂದು ಗುಜರಿ ಮಾರಾಟ. ಅದಕ್ಕೆ ವಾದ ಮಾಡುವಂಥದ್ದೇನೂ ಇರಲಿಲ್ಲ. ತೆರಿಗೆ ಮತ್ತು ವರ್ಷಕ್ಕೆ 18% ಲೆಕ್ಕದ ಬಡ್ಡಿಯನ್ನು ಡಿಆರ್‌ಸಿ-03 ಎಂಬ ಸ್ವಯಂ ಪಾವತಿ ಫಾರಂ ಮೂಲಕ ಕಟ್ಟಿದೆ. ಶೋಕಾಸ್ ನೋಟಿಸ್ ಬರುವ ಮೊದಲೇ ಎರಡನ್ನೂ ಕಟ್ಟಿದರೆ, ಆ ವರ್ಷಕ್ಕೆ ಅನ್ವಯವಾಗುವ 73ನೇ ಸೆಕ್ಷನ್‌ನಲ್ಲಿ ದಂಡ ಇಲ್ಲ. ಎಡಿಟಿ-02 ವರದಿ ಪೋರ್ಟಲ್‌ಗೆ ಬಂತು.

ಅಂಗಡಿಗೆ ಬಂದಿದ್ದ ದಿನ ಹೊರಡುವಾಗ ಆ ಅಧಿಕಾರಿಗಳು ಗೋಡೌನ್ ಬಾಡಿಗೆಯ ಬಗ್ಗೆಯೂ ಕೇಳಿದ್ದರು. ಆ ಮಾಲೀಕರಿಗೆ ಜಿಎಸ್‌ಟಿ ನೋಂದಣಿ ಇಲ್ಲ. ಅಂಥವರಿಂದ ವ್ಯಾಪಾರದ ಜಾಗ ಬಾಡಿಗೆಗೆ ಹಿಡಿದಿದ್ದರೆ 2024ರ ಅಕ್ಟೋಬರ್ 10ರಿಂದ 18% ತೆರಿಗೆಯನ್ನು ನಾವೇ ಕಟ್ಟಬೇಕು. ಕಂಪೋಸಿಷನ್‌ನಲ್ಲಿ (ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ಯೋಜನೆಯಲ್ಲಿ) ಇರುವವರಿಗೆ ಮಾತ್ರ 2025ರ ಜನವರಿ 16ರಿಂದ ವಿನಾಯಿತಿ. ನಾವು ಕಟ್ಟುತ್ತಿದ್ದೆವು, ಚಲನ್ ತೋರಿಸಿದೆ. ಎದುರಿನ ಎಲೆಕ್ಟ್ರಿಕಲ್ ಅಂಗಡಿಯವರು ಆ ಸಂಜೆ ಬಂದು ಕೇಳಿದ್ದೂ ಇದನ್ನೇ. ಅವರ ಗೋಡೌನೂ ಬಾಡಿಗೆಯದು.