ದೀಪಾವಳಿಗೇ ಬಾವಿ ಅಳೆಯಿರಿ

ಮಲೆನಾಡಿನಲ್ಲಿ ನೀರಿಗೇನು ಬರ ಎಂದು ಕೇಳುವವರು ಇನ್ನೂ ಇದ್ದಾರೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ ಬೀಳುವುದು ನಿಜ. ಆದರೆ ಬೀಳುವುದೆಲ್ಲ ಹೆಚ್ಚುಕಡಿಮೆ ನಾಲ್ಕು ತಿಂಗಳಲ್ಲಿ. ಜಂಬಿಟ್ಟಿಗೆ ನೆಲ ಜರಡಿಯಂತೆ, ಕುಡಿದಷ್ಟೇ ಬೇಗ ಹಳ್ಳಕ್ಕೆ ಬಿಟ್ಟುಕೊಡುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದಾಯಿತು, ಶಿವಮೊಗ್ಗ ಜಿಲ್ಲೆಯೂ ತಪ್ಪಿಸಿಕೊಳ್ಳಲಿಲ್ಲ. ಹಾಗಿದ್ದೂ ಈಗಿನ ಮಕ್ಕಳು ಬಾವಿಗೆ ಬಗ್ಗಿ ನೋಡುವುದು ಮೋಟರ್ ಕೆಸರು ಎಳೆದ ದಿನ. ಆಮೇಲೆ ಟ್ಯಾಂಕರಿಗೆ ಫೋನು. ಏಪ್ರಿಲ್‌ನಲ್ಲಿ ನೋಡಿ ಮಾಡುವುದೇನಿದೆ?

ಗದ್ದೆ ಇದ್ದಲ್ಲೆಲ್ಲ ಅಡಿಕೆ ಬಂತು. ಮಳೆಗಾಲವಿಡೀ ಗದ್ದೆಯಲ್ಲಿ ನಿಂತು ಇಂಗುತ್ತಿದ್ದ ನೀರು ಈಗ ಕಾಲುವೆ ಹಿಡಿದು ಹೊರಗೆ ಹೋಗುತ್ತದೆ. ಪೇಟೆ ಹತ್ತಿರ ಸೈಟು, ಕಾಡಿನ ಅಂಚಿಗೆ ಹೋಂಸ್ಟೇ, ಪ್ರತಿಯೊಂದಕ್ಕೂ ಒಂದು ಬೋರು. ಬಾವಿ ಮಾತ್ರ ಅಜ್ಜನ ಕಾಲದ್ದೇ.

ಅದಕ್ಕೆ ಹೇಳುವುದು, ದೀಪಾವಳಿ ಮುಗಿಯುತ್ತಿದ್ದಂತೆ ಅಳತೆಯ ಹಗ್ಗ ಕಟ್ಟಿ. ಕಿರುಬೆರಳು ದಪ್ಪದ ಹತ್ತಿಯ ಹಗ್ಗ ಬೇಕು. ನೈಲಾನ್ ಬೇಡ, ತೂಕ ಬಿದ್ದರೆ ಎಳೆದುಕೊಳ್ಳುತ್ತದೆ. ಹಗ್ಗವನ್ನು ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ತೂಕ ಕಟ್ಟಿ ಮಧ್ಯಾಹ್ನದವರೆಗೆ ಜಂತಿಗೆ ತೂಗುಹಾಕಿ. ಒದ್ದೆ ಇರುವಾಗಲೇ ಟೇಪು ಹಿಡಿದು ಅಡಿಗೊಂದು ದಾರ ಬಿಗಿಯಿರಿ, ಐದಡಿಗೊಂದು ಕೆಂಪು ಬಟ್ಟೆ. ಹಗ್ಗಕ್ಕೇ ಗಂಟು ಹಾಕಬೇಡಿ. ಪ್ರತಿ ಗಂಟು ಒಂದೊಂದು ಅಂಗುಲ ನುಂಗಿದರೆ ಮೂವತ್ತಡಿ ಬಾವಿಯಲ್ಲಿ ಎರಡೂವರೆ ಅಡಿ ಸುಳ್ಳಾಗುತ್ತದೆ.

ತುದಿಗೆ ಕಲ್ಲು ಕಟ್ಟಿದರೆ ನೀರು ಮುಟ್ಟಿದ್ದೇ ತಿಳಿಯುವುದಿಲ್ಲ. ಗೇಣುದ್ದದ ಒಂದೂವರೆ ಇಂಚಿನ ಜಿ.ಐ. ಪೈಪ್ ತುಂಡು ತಂದು, ಒಂದು ಬಾಯಿಗೆ ಮುಚ್ಚಳ ಬಿಗಿಸಿ, ಮುಚ್ಚಳಕ್ಕೆ ಕೊಂಡಿ ಹಾಕಿಸಿ. ತೆರೆದ ಬಾಯಿ ಕೆಳಗಿರಲಿ. ನೀರಿಗೆ ತಾಗಿದೊಡನೆ ಒಳಗಿನ ಗಾಳಿ ಸಿಕ್ಕಿ 'ಬುಳಕ್' ಎನ್ನುತ್ತದೆ, ಬಾವಿ ಆಳವಿದ್ದರೂ ಮೇಲಕ್ಕೆ ಕೇಳುತ್ತದೆ. ಅಲ್ಲೇ ಹಿಡಿದು, ಎರಡು ಬೆರಳು ಮೇಲೆತ್ತಿ ಮತ್ತೆ ಇಳಿಸಿ; ಎರಡು ಸಲವೂ ಒಂದೇ ಅಳತೆ ಬರಬೇಕು. ಅಡಿಗಳ ಲೆಕ್ಕ ಶುರುವಾಗುವುದು ಪೈಪಿನ ಬಾಯಿಂದ, ಕೊಂಡಿಯಿಂದ ಅಲ್ಲ. ಬಾವಿಕಟ್ಟೆಯ ಮೇಲೆ ಒಂದು ಕಡೆ ಬಣ್ಣದ ಗುರುತು ಹಾಕಿ, ಪ್ರತಿ ಸಲ ಅಲ್ಲಿಂದಲೇ ನೋಡಿ. ಆಮೇಲೆ ಹಗ್ಗ ಸಡಿಲಾಗುವವರೆಗೆ ಬಿಟ್ಟು ತಳವನ್ನೂ ಅಳೆಯಿರಿ. ಹೂಳು ತುಂಬುವುದರಿಂದ ಹೋದ ವರ್ಷದ ತಳ ಈ ವರ್ಷಕ್ಕೆ ನಡೆಯುವುದಿಲ್ಲ.

ಹದಿನೈದು ದಿನಕ್ಕೊಮ್ಮೆ, ಬೆಳಗಿನ ಜಾವ, ಮೋಟರ್ ಹಾಕುವ ಮೊದಲು. ಮೋಟರ್ ನಿಲ್ಲಿಸಿ ಅರ್ಧ ಗಂಟೆಗೆ ಅಳೆದು 'ಬಾವಿ ಬತ್ತಿತು' ಎಂದು ಗೋಳಾಡಬೇಡಿ, ಒರತೆಗೆ ತುಂಬಲು ಹೊತ್ತು ಬೇಕು. ಅಳತೆಯನ್ನು ಕ್ಯಾಲೆಂಡರಿನಲ್ಲೇ ಬರೆದಿಡಿ. ಹಿಂದಿನವರು ಬಾವಿಯ ಒಳಗೋಡೆಯ ಯಾವ ಕಲ್ಲು ಯಾವ ಹುಣ್ಣಿಮೆಗೆ ಕಾಣುತ್ತದೆ ಎಂದು ಬಾಯಲ್ಲೇ ಹೇಳುತ್ತಿದ್ದರು.

ಈಗ ಲೆಕ್ಕ. ತಳದ ಅಳತೆಯಲ್ಲಿ ನೀರು ಮುಟ್ಟಿದ ಅಳತೆ ಕಳೆದರೆ ಬಾವಿಯಲ್ಲಿ ನಿಂತ ನೀರು. ಅದು ಜನವರಿ 15ಕ್ಕೆ 10 ಅಡಿ ಎನ್ನಿ. ತಳದ 2 ಅಡಿ ಬಿಡಿ, ಮೋಟರ್ ಪೈಪಿನ ಕೆಳತುದಿಯ ಫುಟ್‌ವಾಲ್ವ್ ಅಲ್ಲಿ ಕೆಸರು ಎಳೆಯುತ್ತದೆ. ಹತ್ತು ದಿನಕ್ಕೆ 1 ಅಡಿ ಇಳಿಯುತ್ತಿದ್ದರೆ 8 ಅಡಿಗೆ 80 ದಿನ, ಏಪ್ರಿಲ್ 5ಕ್ಕೆ ಮುಗಿಯಿತು. ಬಾವಿಗೆ ನೀರೇರುವುದು ಆರಿದ್ರಾ ಮಳೆ ಹಿಡಿದ ಮೇಲೆ, ಅಂದರೆ ಜೂನ್ ಕೊನೆ. ಇನ್ನೊಂದು ಮಾತು: 6 ಅಡಿ ಅಗಲದ ದುಂಡು ಬಾವಿಯಲ್ಲಿ 1 ಅಡಿ ಎಂದರೆ ಸುಮಾರು 800 ಲೀಟರ್. ದಿನಕ್ಕೆ 1,000 ಲೀಟರಿನ ಟ್ಯಾಂಕ್ ಒಂದು ಸಲ ತುಂಬಿಸುವ ಮನೆ ಹತ್ತು ದಿನಕ್ಕೆ 10,000 ಲೀಟರ್ ಎಳೆಯುತ್ತದೆ. ಅದರಲ್ಲಿ ಬಾವಿಯಲ್ಲಿ ನಿಂತದ್ದು 800, ಉಳಿದ 9,200 ಒರತೆ ಕೊಟ್ಟದ್ದು. ಮಾರ್ಚ್‌ನಲ್ಲಿ ಆ ಒರತೆ ಸೊರಗಿದಾಗ ಹತ್ತು ದಿನದ ಅಡಿ ನಾಲ್ಕು ದಿನಕ್ಕೇ ಹೋಗಬಹುದು. ಆದ್ದರಿಂದ ಆ 80 ದಿನವನ್ನೂ ಪೂರ್ತಿ ನಂಬಬೇಡಿ.

ಕಡಿತವನ್ನು ಜನವರಿಯಲ್ಲೇ ಶುರುಮಾಡಿ, ಅದೂ ತೋಟದಿಂದ. ಅಡಿಕೆ ಬುಡಕ್ಕೆ ಪೈಪು ಬಿಟ್ಟು ಹರಿಸುವುದು ನೀರನ್ನು ಹಳ್ಳಕ್ಕೆ ಕಳಿಸಿದಂತೆ. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 16–20 ಲೀಟರ್ ಸಾಕು. ಮಳೆ ನಿಂತು ನೆಲ ಹಸಿ ಇರುವಾಗಲೇ ದರಗು (ಒಣಗಿದ ಎಲೆ), ಅಡಿಕೆ ಸೋಗೆ ಹೊದಿಸಿರಬೇಕು. ಒಣಗಿದ ಮೇಲೆ ಹೊದಿಸಿದರೆ ಒಣನೆಲವನ್ನೇ ಮುಚ್ಚಿದಂತೆ. ಕೊಟ್ಟಿಗೆಯ ನೀರಿಗೆ ಕೈ ಹಾಕಬೇಡಿ, ಕರೆಯುವ ಹಸು ಬೇಸಿಗೆಯಲ್ಲಿ 50–60 ಲೀಟರ್ ಕುಡಿದೀತು. ಅಕ್ಕಚ್ಚನ್ನು, ಅಂದರೆ ಅಕ್ಕಿ ತೊಳೆದ ನೀರನ್ನು, ಮೋರಿಗೆ ಚೆಲ್ಲದೆ ದನದ ಬಾನಿಗೆ ಹಾಕಿ. ಬಚ್ಚಲ ನೀರು ಬಾಳೆಗೆ ಹೋಗಲಿ, ಆದರೆ ದಿನವೂ ಒಂದೇ ಬುಡಕ್ಕೆ ಸೋಪಿನ ನೀರು ಬೇಡ.

ತಾಮ್ರದ ಹಂಡೆಯನ್ನು ನಲ್ಲಿ ಬಿಟ್ಟುಕೊಂಡು ತಿಕ್ಕುವುದನ್ನು ನೋಡಿದರೆ ಮೈ ಉರಿಯುತ್ತದೆ. ಹುಣಸೆಹಣ್ಣು, ಉಪ್ಪು ಹಚ್ಚಿ ಎಲೆ ಅಡಿಕೆ ಹಾಕುವಷ್ಟು ಹೊತ್ತು ಬಿಡಿ, ತೆಂಗಿನ ನಾರಿನಲ್ಲಿ ಉಜ್ಜಿ, ಎರಡು ಚೊಂಬಿನಲ್ಲಿ ತೊಳೆಯಿರಿ. ನಲ್ಲಿ ಸೆಕೆಂಡಿಗೊಂದು ಹನಿ ತೊಟ್ಟಿಕ್ಕಿದರೂ ದಿನಕ್ಕೆ ಸುಮಾರು ಒಂದು ಬಕೆಟ್ ಹೋಗುತ್ತದೆ, ವಾಷರ್ ಬದಲಿಸಿ. ಟ್ಯಾಂಕ್ ತುಂಬಿ ಸುರಿಯುವವರೆಗೆ ಮೋಟರ್ ಮರೆಯುವವರು ಮೊದಲು ಒಂದು ಬಾಲ್‌ವಾಲ್ವ್ ಹಾಕಿಸಿ. ಅದು ಕಚ್ಚಿಕೊಂಡೀತು, ತಿಂಗಳಿಗೊಮ್ಮೆ ತೇಲುಗುಂಡನ್ನು ಕೈಯಿಂದ ಎತ್ತಿ ನೋಡಿ.