ಸೇತುವೆ ಕಟ್ಟುತ್ತಿದ್ದವನು ಕೌಂಟರಿಗೆ ಬಂದಾಗ

ಬೆಂಗಳೂರಿನ ಹಲಸೂರು ಕೆರೆಯ ಪಕ್ಕದಲ್ಲಿರುವ, ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನ ಕೇಂದ್ರದಲ್ಲಿ ತರಬೇತಿ ಪಡೆದು, ಪಿಂಚಣಿಗೆ ಬೇಕಾದ 15 ವರ್ಷಗಳ ಸೇವೆಯನ್ನು ದಾಟಿ, 17 ವರ್ಷ ತುಂಬಿದಾಗ ನಾನು ಹವಿಲ್ದಾರನಾಗಿ ಹೊರಬಂದೆ. ಸರ್ಕಾರಿ ಬ್ಯಾಂಕುಗಳ ಗುಮಾಸ್ತ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ ಮೀಸಲಾತಿ ಇರುವುದರಿಂದ, ಸೇವೆಯ ಕೊನೆಯ ವರ್ಷದಲ್ಲೇ ಅರ್ಜಿ ಹಾಕಿ ಪರೀಕ್ಷೆ ಬರೆದಿದ್ದೆ. ಒಂದು ತಾಲ್ಲೂಕು ಕೇಂದ್ರದ ಶಾಖೆಯಲ್ಲಿ ಕೆಲಸ ಸಿಕ್ಕಿತು. ಕಷ್ಟ ಶುರುವಾದದ್ದು ಸೇರಿದ ಮೇಲೆ.

ಮೊದಲ ವಾರ ವ್ಯವಸ್ಥಾಪಕರು ಹಾದುಹೋದಾಗಲೆಲ್ಲ ನಾನು ಕುರ್ಚಿಯಿಂದ ಎದ್ದು ನೆಟ್ಟಗೆ ನಿಲ್ಲುತ್ತಿದ್ದೆ. ಅವರು ನನಗಿಂತ ಎಂಟೊಂಬತ್ತು ವರ್ಷ ಚಿಕ್ಕವರು. ನಾಲ್ಕನೆಯ ದಿನ ಕೌಂಟರಿನ ಒಳಗೆ ಬಂದು, ಯಾರಿಗೂ ಕೇಳಿಸದಂತೆ, "ಸರ್, ನೀವು ನಿಂತರೆ ಕ್ಯೂನೂ ನಿಂತುಬಿಡುತ್ತೆ" ಎಂದರು. ಎಣಿಸುತ್ತಿದ್ದ ನೋಟಿನ ಕಟ್ಟನ್ನು ಪ್ರತಿಸಲವೂ ಕೆಳಗಿಟ್ಟು, ಮತ್ತೆ ಮೊದಲಿನಿಂದ ಎಣಿಸುತ್ತಿದ್ದುದು ಆಗಲೇ ನನ್ನ ಗಮನಕ್ಕೆ ಬಂದದ್ದು.

ಎದ್ದು ನಿಲ್ಲುವುದು ಸುಲಭವಾಗಿ ಬಿಟ್ಟುಹೋದ ಅಭ್ಯಾಸ. ಬಿಡದೆ ಕಾಡಿದ್ದು ನನ್ನ ದನಿ. ಸೇನೆಯ ನಮ್ಮ ಕೆಲಸದಲ್ಲಿ ಬೈಲಿ (Bailey) ಸೇತುವೆ, ಅಂದರೆ ಬಿಡಿ ಉಕ್ಕಿನ ಪ್ಯಾನೆಲ್‌ಗಳನ್ನು ಜೋಡಿಸಿ ನಿಲ್ಲಿಸುವ ಸೇತುವೆ, ಕಟ್ಟುವುದು ಮುಖ್ಯವಾದದ್ದು. ಅದರ ಒಂದೊಂದು ಉಕ್ಕಿನ ಪ್ಯಾನೆಲ್ ಹತ್ತು ಅಡಿ ಉದ್ದ, ಸುಮಾರು 260 ಕಿಲೋ ತೂಕ, ಎತ್ತಲು ಆರು ಜನ ಬೇಕು. ಒಂದೇ ಹುಕುಂಗೆ ಆರೂ ಜನ ಎತ್ತಬೇಕು, ಒಂದೇ ಹುಕುಂಗೆ ಇಳಿಸಬೇಕು. ಒಬ್ಬ ಅರೆಗಳಿಗೆ ಮೈಮರೆತರೆ ಮತ್ತೊಬ್ಬನ ಬೆರಳು ಜಜ್ಜಿಹೋಗುತ್ತದೆ. ಆದ್ದರಿಂದ ತಪ್ಪು ಕಂಡ ಕ್ಷಣವೇ, ಕಂಡ ಜಾಗದಲ್ಲೇ ಗದರುವುದು ಅಲ್ಲಿ ಒರಟುತನವಲ್ಲ, ಜೊತೆಯವನ ಕೈ ಉಳಿಸುವ ಕ್ರಮ.

ಇದೇ ರೂಢಿಯಲ್ಲಿ, ಇಪ್ಪತ್ತು ನಿಮಿಷ ತಡವಾಗಿ ಬಂದ ನಮ್ಮ ಅಟೆಂಡರನ್ನು ಒಂದು ಸೋಮವಾರ ಗ್ರಾಹಕರೆಲ್ಲರ ಮುಂದೆ ಗದರಿದೆ. ಅವರು ಎದುರು ಮಾತಾಡಲಿಲ್ಲ. ಆದರೆ ಅಂದಿನಿಂದ ನನ್ನ ವೋಚರುಗಳನ್ನು ಹೊಲಿಯುವ ಸರದಿ ಕೊನೆಗೆ ಬರತೊಡಗಿತು, ಹಳೆಯ ಲೆಡ್ಜರ್ ಕೇಳಿದರೆ "ನೋಡೋಣ ಸರ್" ಎಂಬ ಉತ್ತರ ಬಂತು, ಮತ್ತು ಆ ಲೆಡ್ಜರ್ ಮೂರು ವಾರ ಬರಲೇ ಇಲ್ಲ. ಯಾವ ಬೆರಳೂ ಅಪಾಯದಲ್ಲಿರದ ಜಾಗದಲ್ಲಿ ನಾನು ಕೂಗಾಡಿದ್ದೆ. ಇನ್ನೂ ನಾಚಿಕೆಯ ವಿಷಯವೆಂದರೆ, ಸಿಪಾಯಿಗಳ ಮುಂದೆ ಹವಿಲ್ದಾರನಿಗೆ ಬೈಯಬಾರದೆಂಬುದು ಸೇನೆಯಲ್ಲೂ ಎಲ್ಲರಿಗೂ ಗೊತ್ತಿರುವ ಮರ್ಯಾದೆ; ಗಾಜಿನ ಆಚೆ ನಿಂತ ಗ್ರಾಹಕರನ್ನು ನಾನು ಆ ಲೆಕ್ಕಕ್ಕೆ ಹಿಡಿದಿರಲಿಲ್ಲ. ಕೊನೆಗೆ ಟೀ ಅಂಗಡಿಯಲ್ಲಿ ಆ ಅಟೆಂಡರ ಪಕ್ಕ ಕೂತು, ಅಂದು ಅಷ್ಟು ಜನರ ಎದುರು ಮಾತಾಡಿದ್ದು ನನ್ನ ತಪ್ಪೆಂದು ಹೇಳಿದೆ. ಅವರು ಟೀ ಲೋಟ ಕೆಳಗಿಟ್ಟು, "ಯಾವ ವರ್ಷದ ಲೆಡ್ಜರ್ ಸರ್ ಅದು?" ಎಂದು ಕೇಳಿದರು.

ಆ "ನೋಡೋಣ" ಎಂಬ ಮಾತನ್ನು ಅರ್ಥಮಾಡಿಕೊಳ್ಳಲು ನನಗೆ ಒಂದು ವರ್ಷವೇ ಬೇಕಾಯಿತು. ಸೇನೆಯಲ್ಲಿ ಹೇಳಿದ ಕೆಲಸ ಮುಗಿಯಿತೆಂದು, ಇಲ್ಲವೇ ಇಂಥ ಕಾರಣಕ್ಕೆ ಮುಗಿಯಲಿಲ್ಲವೆಂದು ತಿರುಗಿ ವರದಿ ಬರಲೇಬೇಕು. ಕಚೇರಿಯಲ್ಲಿ ಇಲ್ಲವೆಂದು ಮುಖಕ್ಕೆ ಹೇಳುವುದು ಒರಟು ಎನಿಸಿಕೊಳ್ಳುವುದರಿಂದ ಆ ಒಂದು ಮಾತೇ ಒಪ್ಪಿಗೆಗೂ ನಿರಾಕರಣೆಗೂ ಸಲ್ಲುತ್ತದೆ. ಈಗ ನಾನು ಜಗಳಕ್ಕೆ ಹೋಗದೆ, "ಗುರುವಾರ ಬಂದು ಕೇಳಲೇ?" ಎಂದು ದಿನವನ್ನು ನಾನೇ ಹೆಸರಿಸುತ್ತೇನೆ. ಗುರುವಾರಕ್ಕೆ ಒಪ್ಪಿದವರು ಸಾಮಾನ್ಯವಾಗಿ ಕೆಲಸ ಮಾಡಿಕೊಡುತ್ತಾರೆ; ಒಪ್ಪದವರಿಂದ ನಿಜವಾದ ಅಡ್ಡಿ ಏನೆಂಬುದು ತಿಳಿಯುತ್ತದೆ.

ನನಗೆ ಮೊದಲು ಮನೆಯಂತೆ ಅನ್ನಿಸಿದ್ದು ನಗದು ಇಡುವ ಸ್ಟ್ರಾಂಗ್ ರೂಮು. ಅದರ ಎರಡು ಬೀಗದಕೈ ಇಬ್ಬರ ಬಳಿ ಇರುತ್ತವೆ; ಸೇತುವೆಯ ಪ್ಯಾನೆಲಿನ ಹಾಗೆಯೇ, ಒಬ್ಬರಿಂದಲೇ ಬಾಗಿಲು ತೆರೆಯದು. ನಗದು ಜವಾಬ್ದಾರಿ ನನಗೆ ಬಂದ ದಿನ ಇನ್ನೊಂದು ಕೀ ಹಿಡಿದು ಪಕ್ಕದಲ್ಲಿ ನಿಂತವರು ಅದೇ ವ್ಯವಸ್ಥಾಪಕರು.

ರಜೆಯ ವಿಷಯದಲ್ಲಿ ಮಾತ್ರ ನಾನು ಇನ್ನೂ ಬದಲಾಗಿಲ್ಲ. ಸೇನೆಯಲ್ಲಿ ವರ್ಷಕ್ಕೆ 60 ದಿನಗಳ ವಾರ್ಷಿಕ ರಜೆಗೆ ತಿಂಗಳುಗಳ ಮೊದಲೇ ಹೆಸರು ಬರೆಸಿ, ರೈಲಿನ ಟಿಕೆಟ್ ಹೊಂದಿಸಿಕೊಂಡು ಊರಿಗೆ ಹೊರಡುತ್ತಿದ್ದವನಿಗೆ, ಬೆಳಿಗ್ಗೆ ಫೋನ್ ಮಾಡಿ ಒಂದು ದಿನದ ಸಾಂದರ್ಭಿಕ ರಜೆ ಕೇಳುವುದಕ್ಕೆ ಬಾಯಿ ಬರುವುದಿಲ್ಲ. ಮುಂದಿನ ಯುಗಾದಿಯ ಅರ್ಜಿಯನ್ನು ಈ ಸಲ ಸಂಕ್ರಾಂತಿಗೇ ಕೊಟ್ಟಿದ್ದೇನೆ.